ತೇಜಸ್ ಮತ್ತು ಸ್ವದೇಶಿ ಯುದ್ಧವಿಮಾನ: ಸಾಧಿಸಿದ್ದೇನು, ಉಳಿದಿರುವುದೇನು

2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ನಡೆದ ಸಮಾರಂಭದಲ್ಲಿ ಭಾರತೀಯ ವಾಯುಪಡೆಯು ಮಿಗ್-21 ಯುದ್ಧವಿಮಾನಗಳಿಗೆ ವಿದಾಯ ಹೇಳಿತು. 1963ರಲ್ಲಿ ಇದೇ ನಗರದಲ್ಲಿ ಸೇವೆಗೆ ಸೇರಿದ್ದ ಈ ವಿಮಾನವು ಆರು ದಶಕಗಳಿಗೂ ಹೆಚ್ಚು ಕಾಲ ದೇಶದ ವಾಯುರಕ್ಷಣೆಯ ಹೊಣೆ ಹೊತ್ತಿತ್ತು. ಇದರ ಹಿಂದಿನ ದಿನ, ಅಂದರೆ ಸೆಪ್ಟೆಂಬರ್ 25ರಂದು, ರಕ್ಷಣಾ ಸಚಿವಾಲಯವು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್.ಎ.ಎಲ್.) ಸಂಸ್ಥೆಯೊಂದಿಗೆ 97 ತೇಜಸ್ ಎಂಕೆ-1ಎ ವಿಮಾನಗಳಿಗಾಗಿ ರೂ. 62,370 ಕೋಟಿಗೂ ಅಧಿಕ ಮೊತ್ತದ ಒಪ್ಪಂದಕ್ಕೆ ಸಹಿ ಹಾಕಿತು.

ಹಳೆಯದರ ನಿರ್ಗಮನಕ್ಕೂ ಹೊಸದರ ಒಪ್ಪಂದಕ್ಕೂ ನಡುವೆ ಇದ್ದದ್ದು ಒಂದೇ ದಿನ. ಆದರೆ ಈ ಒಪ್ಪಂದದ ವಿಮಾನಗಳ ಪೂರೈಕೆ ಆರಂಭವಾಗಬೇಕಿರುವುದು 2027-28ರಲ್ಲಿ. ಅದು ಪೂರ್ಣಗೊಳ್ಳಲು ಆರು ವರ್ಷಗಳ ಅವಧಿ ನಿಗದಿಯಾಗಿದೆ. ವಾಯುಪಡೆಗೆ ಮಂಜೂರಾಗಿರುವ ಯುದ್ಧವಿಮಾನ ಸ್ಕ್ವಾಡ್ರನ್‌ಗಳ ಸಂಖ್ಯೆ 42. ಮಿಗ್-21 ನಿವೃತ್ತಿಯ ನಂತರ ಉಳಿದದ್ದು 29. ಈ ಕೊರತೆಯನ್ನು ತುಂಬಬೇಕಾದ ಪ್ರಮುಖ ವಿಮಾನ ತೇಜಸ್. ಆದಕಾರಣ ಸ್ವದೇಶಿ ಯುದ್ಧವಿಮಾನದ ಪ್ರಶ್ನೆಯು ಕೇವಲ ಅಭಿಮಾನದ ಪ್ರಶ್ನೆಯಾಗಿ ಉಳಿದಿಲ್ಲ. ಅದು ಗಡಿ ರಕ್ಷಣೆಯ ದೈನಂದಿನ ಲೆಕ್ಕಾಚಾರವೂ ಆಗಿದೆ. ಈ ಹಿನ್ನೆಲೆಯಲ್ಲಿ ದೇಶವು ಈವರೆಗೆ ಸಾಧಿಸಿರುವುದೇನು, ಸಾಧಿಸಲಾಗದೆ ಉಳಿದಿರುವುದೇನು ಎಂಬುದನ್ನು ಅವಲೋಕಿಸುವುದು ಉಚಿತವಾಗಿದೆ.

ಬೆಂಗಳೂರಿನ ಬುನಾದಿ

ಭಾರತದ ವಿಮಾನ ಉದ್ಯಮದ ಚರಿತ್ರೆಯು ಬೆಂಗಳೂರಿನಿಂದಲೇ ಆರಂಭವಾಗುತ್ತದೆ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗವು ಆರಂಭವಾಯಿತು. ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನವು 1951ರಲ್ಲಿ ಹಾರಿತು. ಕಾರ್ಖಾನೆ, ವಿದ್ಯಾಸಂಸ್ಥೆ ಮತ್ತು ವಿನ್ಯಾಸ ತಂಡ ಈ ಮೂರೂ ಒಂದೇ ನಗರದಲ್ಲಿ ನೆಲೆಗೊಂಡದ್ದು ಮುಂದಿನ ಎಲ್ಲ ಪ್ರಯತ್ನಗಳಿಗೆ ಬುನಾದಿಯಾಯಿತು.

1956ರಲ್ಲಿ ಜರ್ಮನಿಯ ಖ್ಯಾತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರು ಬೆಂಗಳೂರಿಗೆ ಬಂದರು. ಅವರ ಮಾರ್ಗದರ್ಶನದಲ್ಲಿ ರಚನೆಯಾದ ಎಚ್‌ಎಫ್-24 ಮಾರುತ್ 1961ರ ಜೂನ್‌ನಲ್ಲಿ ಮೊದಲ ಬಾರಿಗೆ ಆಕಾಶಕ್ಕೇರಿತು. ವಿಮಾನವನ್ನು ಚಲಾಯಿಸಿದವರು ಸುರಂಜನ್ ದಾಸ್. ಅಭಿವೃದ್ಧಿಶೀಲ ರಾಷ್ಟ್ರವೊಂದು ಆ ಕಾಲದಲ್ಲಿ ಜೆಟ್ ಯುದ್ಧವಿಮಾನವನ್ನು ಸ್ವತಃ ವಿನ್ಯಾಸಗೊಳಿಸಿ ಹಾರಿಸಿದ್ದು ಅಸಾಧಾರಣ ಸಂಗತಿಯೇ ಸರಿ. ಒಟ್ಟು 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನ ವಲಯದಲ್ಲಿ ಭೂದಾಳಿಯ ಕಾರ್ಯವನ್ನು ಅವು ಸಮರ್ಥವಾಗಿ ನಿರ್ವಹಿಸಿದವು.

ಮಾರುತ್ ಕಲಿಸಿದ ಪಾಠ

ಆದರೆ ಮಾರುತ್ ತನಗಾಗಿ ಯೋಜಿಸಿದ್ದ ವೇಗವನ್ನು ಎಂದೂ ಮುಟ್ಟಲಿಲ್ಲ. ಅದರ ಒಡಲು ಶಬ್ದದ ಎರಡು ಪಟ್ಟು ವೇಗವನ್ನು ಗಮನದಲ್ಲಿರಿಸಿ ರೂಪಿಸಿದ್ದಾಗಿತ್ತು. ಅದಕ್ಕೆ ತಕ್ಕ ಎಂಜಿನ್ ಮಾತ್ರ ದೊರೆಯಲಿಲ್ಲ. ನಿರೀಕ್ಷಿಸಿದ್ದ ಬ್ರಿಟಿಷ್ ಎಂಜಿನ್‌ನ ಅಭಿವೃದ್ಧಿಗೆ ಹಣ ತೊಡಗಿಸಲು ಬ್ರಿಟನ್ನಾಗಲೀ ಭಾರತವಾಗಲೀ ಮುಂದಾಗಲಿಲ್ಲ. ಈಜಿಪ್ಟ್ ಅಭಿವೃದ್ಧಿಪಡಿಸುತ್ತಿದ್ದ ಎಂಜಿನ್ ಅಳವಡಿಸುವ ಪ್ರಯತ್ನವೂ ಫಲ ಕೊಡಲಿಲ್ಲ. ಅಂತಿಮವಾಗಿ ಕಡಿಮೆ ಶಕ್ತಿಯ ಎರಡು ಆರ್ಫಿಯಸ್ ಎಂಜಿನ್‌ಗಳಿಂದಲೇ ವಿಮಾನವು ಸೇವೆ ಸಲ್ಲಿಸಬೇಕಾಯಿತು. ಹೆಚ್ಚಿನ ಶಕ್ತಿ ಪಡೆಯುವ ಪ್ರಯೋಗಗಳು ನಡೆಯುತ್ತಿದ್ದಾಗ, 1970ರ ಜನವರಿಯಲ್ಲಿ, ಪರೀಕ್ಷಾ ಹಾರಾಟವೊಂದರಲ್ಲಿ ಸುರಂಜನ್ ದಾಸ್ ಅವರು ಪ್ರಾಣ ತೆತ್ತರು. ಬೆಂಗಳೂರಿನ ಪೂರ್ವ ಭಾಗದಲ್ಲಿರುವ ಸುರಂಜನ್ ದಾಸ್ ರಸ್ತೆಯು ಅವರ ಹೆಸರನ್ನು ಉಳಿಸಿಕೊಂಡಿದೆ.

ಮಾರುತ್‌ನ ಮುಂದಿನ ಪೀಳಿಗೆಯ ವಿಮಾನವು ಹುಟ್ಟಲೇ ಇಲ್ಲ. ಅದೇ ಅವಧಿಯಲ್ಲಿ ಸೋವಿಯತ್ ಒಕ್ಕೂಟದ ಪರವಾನಗಿಯಡಿ ನಾಸಿಕ್‌ನಲ್ಲಿ ಮಿಗ್-21 ವಿಮಾನಗಳ, ಒಡಿಶಾದ ಕೋರಾಪುಟ್‌ನಲ್ಲಿ ಅವುಗಳ ಎಂಜಿನ್‌ಗಳ ತಯಾರಿಕೆ ನಡೆಯಿತು. ಆರುನೂರಕ್ಕೂ ಹೆಚ್ಚು ಮಿಗ್-21ಗಳು ಭಾರತದಲ್ಲಿಯೇ ತಯಾರಾದವು. ಇದರಿಂದ ವಾಯುಪಡೆಗೆ ಅಗತ್ಯ ಸಂಖ್ಯೆಯ ವಿಮಾನಗಳು ಲಭಿಸಿದವು. ಕಾರ್ಮಿಕರಿಗೆ ಸೂಕ್ಷ್ಮ ಯಂತ್ರಕೆಲಸದ ಪರಿಣತಿ ಬಂದಿತು. ಆದರೆ ಪರವಾನಗಿ ತಯಾರಿಕೆಯಲ್ಲಿ ನಕ್ಷೆ ಬರುವುದು ಹೊರಗಿನಿಂದ. ಒಂದು ಬಿಡಿಭಾಗವನ್ನು ಹೇಗೆ ಮಾಡಬೇಕೆಂದು ಆ ನಕ್ಷೆಯು ತಿಳಿಸುತ್ತದೆಯೇ ಹೊರತು ಅದು ಹಾಗೆಯೇ ಏಕಿರಬೇಕು ಎಂಬುದನ್ನು ತಿಳಿಸುವುದಿಲ್ಲ. ತಯಾರಿಸುವ ಕೈ ಬಲವಾದಾಗ ವಿನ್ಯಾಸಗೊಳಿಸುವ ಬುದ್ಧಿಗೆ ಕೆಲಸವಿಲ್ಲದಂತಾಯಿತು. ಮಾರುತ್ ತಂಡದ ಅನುಭವಿಗಳು ನಿವೃತ್ತರಾದರು. ಅವರ ಅರಿವನ್ನು ಪಡೆಯಬೇಕಿದ್ದ ಕಿರಿಯರಿಗೆ ಹೊಸ ಯುದ್ಧವಿಮಾನದ ಯೋಜನೆಯೇ ಇರಲಿಲ್ಲ.

ಹಗುರ ಯುದ್ಧವಿಮಾನ ಯೋಜನೆ

ಮಿಗ್-21ಕ್ಕೆ ಬದಲಿಯಾಗಿ ಹಗುರ ಯುದ್ಧವಿಮಾನವನ್ನು (ಎಲ್.ಸಿ.ಎ.) ದೇಶದಲ್ಲಿಯೇ ರೂಪಿಸುವ ಯೋಜನೆಗೆ ಸರ್ಕಾರವು 1983ರಲ್ಲಿ ಅನುಮೋದನೆ ನೀಡಿತು. ಆರಂಭಿಕ ಮಂಜೂರಾತಿ ರೂ. 560 ಕೋಟಿ. ಯೋಜನೆಯ ನಿರ್ವಹಣೆಗಾಗಿ 1984ರಲ್ಲಿ ಬೆಂಗಳೂರಿನಲ್ಲಿ ವೈಮಾನಿಕ ಅಭಿವೃದ್ಧಿ ಸಂಸ್ಥೆಯನ್ನು (ಎ.ಡಿ.ಎ.) ಸ್ಥಾಪಿಸಲಾಯಿತು. ಡಾ. ಕೋಟ ಹರಿನಾರಾಯಣ ಅವರು ಯೋಜನೆಯ ನೇತೃತ್ವ ವಹಿಸಿದರು. ಪೂರ್ಣ ಪ್ರಮಾಣದ ಎಂಜಿನಿಯರಿಂಗ್ ಅಭಿವೃದ್ಧಿಯ ಮೊದಲ ಹಂತಕ್ಕೆ 1993ರಲ್ಲಿ ರೂ. 2,188 ಕೋಟಿ ಮಂಜೂರಾಯಿತು. 1995ರ ನವೆಂಬರ್‌ನಲ್ಲಿ ಮೊದಲ ವಿಮಾನವು ಹ್ಯಾಂಗರ್‌ನಿಂದ ಹೊರಬಂದಿತು. ಅದು ಹಾರಿದ್ದು 2001ರ ಜನವರಿ 4ರಂದು. ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅವರು ಬೆಂಗಳೂರಿನ ಆಕಾಶದಲ್ಲಿ 18 ನಿಮಿಷ ಅದನ್ನು ಹಾರಿಸಿದರು. 2003ರ ಮೇ ತಿಂಗಳಲ್ಲಿ ಅಂದಿನ ಪ್ರಧಾನಮಂತ್ರಿ ಅಟಲ್ ಬಿಹಾರಿ ವಾಜಪೇಯಿ ಅವರು ವಿಮಾನಕ್ಕೆ 'ತೇಜಸ್' ಎಂದು ನಾಮಕರಣ ಮಾಡಿದರು.

ಅನುಮೋದನೆಯಿಂದ ಮೊದಲ ಹಾರಾಟದವರೆಗೆ ಹದಿನೇಳು ವರ್ಷಗಳು ಸಂದಿದ್ದವು. ಈ ವಿಳಂಬವನ್ನು ಅರ್ಥಮಾಡಿಕೊಳ್ಳುವಾಗ ಒಂದು ಅಂಶವನ್ನು ಗಮನಿಸಬೇಕು. ಮಾರುತ್ ನಂತರ ಕಡಿದುಹೋಗಿದ್ದ ವಿನ್ಯಾಸ ಪರಂಪರೆಯನ್ನು ದೇಶವು ಮತ್ತೆ ಕಟ್ಟಬೇಕಾಗಿತ್ತು. ಅದೂ ಅಲ್ಲದೆ, ಹಳೆಯ ತಂತ್ರಜ್ಞಾನದಿಂದ ಆರಂಭಿಸದೆ ಅಂದಿನ ಅತ್ಯಾಧುನಿಕ ತಂತ್ರಜ್ಞಾನಗಳನ್ನು ಒಮ್ಮೆಲೇ ಅಳವಡಿಸಿಕೊಳ್ಳಲು ನಿರ್ಧರಿಸಲಾಗಿತ್ತು.

ಅಂಗೈ ಮೇಲಿನ ಕೋಲು

ಅವುಗಳಲ್ಲಿ ಮುಖ್ಯವಾದುದು ವಿದ್ಯುನ್ಮಾನ ಹಾರಾಟ ನಿಯಂತ್ರಣ ವ್ಯವಸ್ಥೆ. ಬಾಲದ ರೆಕ್ಕೆಯಿಲ್ಲದ, ತ್ರಿಕೋನಾಕೃತಿಯ ರೆಕ್ಕೆಯುಳ್ಳ ತೇಜಸ್ ಉದ್ದೇಶಪೂರ್ವಕವಾಗಿಯೇ ಅಸ್ಥಿರವಾಗಿರುವಂತೆ ರಚಿತವಾಗಿದೆ. ಸ್ಥಿರವಾದ ವಿಮಾನವು ನೇರವಾಗಿ ಹಾರಲು ಬಯಸುತ್ತದೆ. ಅಸ್ಥಿರವಾದುದು ಥಟ್ಟನೆ ತಿರುಗಬಲ್ಲದು. ಆದರೆ ಅಂಗೈ ಮೇಲೆ ನೇರವಾಗಿ ನಿಲ್ಲಿಸಿದ ಕೋಲಿನಂತೆ ಅದನ್ನು ಕ್ಷಣಕ್ಷಣಕ್ಕೂ ಸರಿಪಡಿಸುತ್ತಿರಬೇಕು. ಮನುಷ್ಯನ ಕೈಗೆ ಇದು ಅಸಾಧ್ಯ. ನಾಲ್ಕು ಸಮಾನಾಂತರ ವಾಹಿನಿಗಳುಳ್ಳ ಗಣಕಯಂತ್ರ ವ್ಯವಸ್ಥೆಯು ಈ ಕಾರ್ಯವನ್ನು ನಿರ್ವಹಿಸುತ್ತದೆ. ಒಂದು ವಾಹಿನಿ ವಿಫಲವಾದರೂ ಉಳಿದವು ವಿಮಾನವನ್ನು ಹಿಡಿದಿಡುತ್ತವೆ.

ಈ ವ್ಯವಸ್ಥೆಯ ಅಭಿವೃದ್ಧಿಗೆ ಅಮೆರಿಕದ ಸಂಸ್ಥೆಯೊಂದಿಗೆ ಸಹಯೋಗವಿತ್ತು. 1998ರ ಮೇ ತಿಂಗಳಲ್ಲಿ ಪೋಖ್ರಾನ್‌ನಲ್ಲಿ ನಡೆದ ಅಣುಪರೀಕ್ಷೆಗಳ ನಂತರ ಅಮೆರಿಕವು ನಿರ್ಬಂಧಗಳನ್ನು ವಿಧಿಸಿತು. ಅಲ್ಲಿ ಕಾರ್ಯನಿರತರಾಗಿದ್ದ ಭಾರತೀಯ ಎಂಜಿನಿಯರ್‌ಗಳು ಕೆಲಸವನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಉಪಕರಣಗಳು ಅಲ್ಲಿಯೇ ಉಳಿದವು. ಬಳಿಕ ಎ.ಡಿ.ಎ., ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಹಾಗೂ ಇತರ ಸಂಸ್ಥೆಗಳ ತಜ್ಞರು ಕೆಲಸವನ್ನು ದೇಶದಲ್ಲಿಯೇ ಪೂರ್ಣಗೊಳಿಸಿದರು. 2001ರ ಹಾರಾಟದಲ್ಲಿ ಪರೀಕ್ಷೆಗೆ ಒಳಗಾದದ್ದು ಮುಖ್ಯವಾಗಿ ಈ ನಿಯಂತ್ರಣ ಸೂತ್ರಗಳೇ. ಅಂದಿನಿಂದ 2024ರ ಮಾರ್ಚ್‌ವರೆಗೆ, ಅಂದರೆ ಇಪ್ಪತ್ಮೂರು ವರ್ಷಗಳ ಕಾಲ, ಒಂದು ತೇಜಸ್ ವಿಮಾನವೂ ಅಪಘಾತದಲ್ಲಿ ನಾಶವಾಗಲಿಲ್ಲವೆಂಬುದು ಗಮನಾರ್ಹ. ವಿಮಾನದ ಒಡಲು ಮತ್ತು ರೆಕ್ಕೆಗಳಲ್ಲಿ ಕಾರ್ಬನ್ ನಾರಿನ ಸಂಯುಕ್ತ ವಸ್ತುಗಳನ್ನು ದೊಡ್ಡ ಪ್ರಮಾಣದಲ್ಲಿ ಬಳಸಿರುವುದು ಮತ್ತೊಂದು ಸಾಧನೆ. ಇದರಿಂದ ತೂಕವು ಕಡಿಮೆಯಾಗಿದೆ.

ಹೀಗೆ, ನಿರಾಕರಣೆಗೆ ಒಳಗಾದ ತಂತ್ರಜ್ಞಾನವನ್ನು ದೇಶವು ಸ್ವತಃ ಗಳಿಸಿದ ಉದಾಹರಣೆ ತೇಜಸ್‌ನಲ್ಲಿದೆ. ಗಳಿಸಲಾಗದೆ ಉಳಿದುದರ ಉದಾಹರಣೆಯೂ ಇದೇ ವಿಮಾನದಲ್ಲಿದೆ.

ಎಂಜಿನ್ ಎಂಬ ಕಗ್ಗಂಟು

ತೇಜಸ್‌ಗಾಗಿ ಕಾವೇರಿ ಎಂಬ ಎಂಜಿನ್ ಅನ್ನು ಬೆಂಗಳೂರಿನ ಅನಿಲ ಟರ್ಬೈನ್ ಸಂಶೋಧನಾ ಸಂಸ್ಥೆಯು (ಜಿ.ಟಿ.ಆರ್.ಇ.) ಅಭಿವೃದ್ಧಿಪಡಿಸಬೇಕೆಂದು 1989ರಲ್ಲಿ ತೀರ್ಮಾನಿಸಲಾಯಿತು. ಆಗ ಮಂಜೂರಾದ ಮೊತ್ತ ಸುಮಾರು ರೂ. 383 ಕೋಟಿ, ನಂತರ ಅದನ್ನು ರೂ. 2,839 ಕೋಟಿಗೆ ಪರಿಷ್ಕರಿಸಲಾಯಿತು. ಆದರೆ ಗುರಿಯಾಗಿದ್ದ 81 ಕಿಲೋನ್ಯೂಟನ್ ನೂಕುಬಲವನ್ನು ಕಾವೇರಿ ತಲುಪಲಿಲ್ಲ. ತೂಕವೂ ನಿಗದಿಗಿಂತ ಹೆಚ್ಚಾಯಿತು. 2008ರಲ್ಲಿ ಅದನ್ನು ತೇಜಸ್ ಯೋಜನೆಯಿಂದ ಬೇರ್ಪಡಿಸಲಾಯಿತು. ಮೊದಲ ಹಾರಾಟದಿಂದಲೂ ತೇಜಸ್‌ಗೆ ಶಕ್ತಿ ಒದಗಿಸುತ್ತಿರುವುದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಎಫ್-404 ಎಂಜಿನ್.

ಎಂಜಿನ್ ಏಕೆ ಇಷ್ಟು ಕಠಿಣ? ಜೆಟ್ ಎಂಜಿನ್‌ನ ಟರ್ಬೈನ್ ಅಲಗುಗಳ ಮೇಲೆ ಹರಿಯುವ ಅನಿಲದ ಉಷ್ಣತೆಯು ಆ ಅಲಗುಗಳ ಲೋಹವೇ ಕರಗುವ ಮಟ್ಟವನ್ನು ಮೀರಿರುತ್ತದೆ. ಅದೇ ವೇಳೆ ಅಲಗುಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತವೆ. ಇದನ್ನು ತಾಳಿಕೊಳ್ಳಲು ಪ್ರತಿ ಅಲಗನ್ನೂ ಒಂದೇ ಹರಳಿನ ರೂಪದಲ್ಲಿ ಎರಕ ಹೊಯ್ದು, ಒಳಗೆ ತಂಪು ಗಾಳಿ ಹರಿಯಲು ಕೂದಲೆಳೆಯಂತಹ ದಾರಿಗಳನ್ನು ಕೊರೆಯಬೇಕು. ಈ ವಿದ್ಯೆಯು ವಿಶ್ವದ ಬೆರಳೆಣಿಕೆಯ ರಾಷ್ಟ್ರಗಳ ಬಳಿ ಮಾತ್ರ ಇದ್ದು, ಅವು ಅದನ್ನು ಯಾರಿಗೂ ಸುಲಭವಾಗಿ ಮಾರುವುದಿಲ್ಲ. ಪರೀಕ್ಷಾ ಸೌಲಭ್ಯಗಳ ಕೊರತೆಯೂ ಕಾವೇರಿಯನ್ನು ಬಾಧಿಸಿತು. ಎತ್ತರದ ಹಾರಾಟದ ಪರೀಕ್ಷೆಗಾಗಿ ಅದನ್ನು ರಷ್ಯಾಕ್ಕೆ ಒಯ್ಯಬೇಕಾಯಿತು. ಹೊರದೇಶದಲ್ಲಿ ಸರದಿ ಕಾಯ್ದು ಪರೀಕ್ಷಿಸಿದ ಎಂಜಿನ್‌ನ ದೋಷವನ್ನು ತಿದ್ದಿ ಮತ್ತೆ ಪರೀಕ್ಷಿಸಲು ತಗಲುವ ಕಾಲವನ್ನು ಊಹಿಸಬಹುದು.

ಈ ಕಷ್ಟ ಭಾರತಕ್ಕೆ ಮಾತ್ರ ಸೀಮಿತವಲ್ಲ. 2022ರಲ್ಲಿ ಮೊದಲ ಬಾರಿಗೆ ಹಾರಿದ ದಕ್ಷಿಣ ಕೊರಿಯಾದ ಕೆಎಫ್-21 ಮತ್ತು 2024ರಲ್ಲಿ ಹಾರಿದ ತುರ್ಕಿಯ ಕಾನ್ ಎರಡೂ ಅಮೆರಿಕ ಮೂಲದ ಎಂಜಿನ್‌ಗಳನ್ನೇ ಹೊಂದಿವೆ. ಚೀನಾವು ತನ್ನ ಜೆ-10 ವಿಮಾನವನ್ನು ಮೊದಲು ರಷ್ಯಾದ ಎಂಜಿನ್‌ನಿಂದಲೇ ಹಾರಿಸಿತು. ಯುದ್ಧವಿಮಾನ ನಿರ್ಮಿಸುವ ರಾಷ್ಟ್ರಗಳು ಸಾಮಾನ್ಯವಾಗಿ ಕೊನೆಗೆ ದಾಟುವ ಹೊಸ್ತಿಲು ಎಂಜಿನ್ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅವಲಂಬನೆಯ ಬೆಲೆ

ಪರಾವಲಂಬನೆಯ ಪರಿಣಾಮವು ಇತ್ತೀಚಿನ ವರ್ಷಗಳಲ್ಲಿ ಪ್ರತ್ಯಕ್ಷವಾಗಿ ಕಂಡುಬಂದಿದೆ. 2021ರ ಫೆಬ್ರವರಿಯಲ್ಲಿ 83 ತೇಜಸ್ ಎಂಕೆ-1ಎ ವಿಮಾನಗಳಿಗಾಗಿ ಸುಮಾರು ರೂ. 48,000 ಕೋಟಿಯ ಒಪ್ಪಂದವಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ 99 ಎಂಜಿನ್‌ಗಳಿಗೆ ಬೇಡಿಕೆ ಸಲ್ಲಿಸಲಾಯಿತು. ಹಲವು ವರ್ಷ ನಿಂತುಹೋಗಿದ್ದ ಎಂಜಿನ್ ತಯಾರಿಕಾ ಸಾಲನ್ನು ಅಮೆರಿಕದ ಸಂಸ್ಥೆಯು ಪುನಃ ಆರಂಭಿಸಬೇಕಾಯಿತು. ಕೋವಿಡ್ ನಂತರದ ಬಿಡಿಭಾಗಗಳ ಅಭಾವವೂ ಸೇರಿಕೊಂಡಿತು. ಮೊದಲ ಎಂಜಿನ್ ಬಂದದ್ದು 2025ರ ಮಾರ್ಚ್‌ನಲ್ಲಿ. ವಿಮಾನಗಳ ಪೂರೈಕೆ 2024ರಲ್ಲಿ ಆರಂಭವಾಗಬೇಕಿತ್ತು. 2025ರ ಅಂತ್ಯದವರೆಗೂ ಒಂದು ಎಂಕೆ-1ಎ ಕೂಡ ವಾಯುಪಡೆಯ ಸ್ಕ್ವಾಡ್ರನ್ ಸೇರಿರಲಿಲ್ಲ.

ಆದರೆ ವಿಳಂಬಕ್ಕೆ ಎಂಜಿನ್ ಒಂದನ್ನೇ ಹೊಣೆಯಾಗಿಸುವುದು ನ್ಯಾಯವಲ್ಲ. 2006 ಮತ್ತು 2010ರಲ್ಲಿ ತಲಾ 20ರಂತೆ ಬೇಡಿಕೆ ಸಲ್ಲಿಸಿದ ಮೊದಲ 40 ವಿಮಾನಗಳ ಪೂರೈಕೆಯೂ 2024ರವರೆಗೆ ಪೂರ್ಣಗೊಂಡಿರಲಿಲ್ಲ. ಮೊದಲ ತೇಜಸ್ ಸ್ಕ್ವಾಡ್ರನ್ 2016ರ ಜುಲೈ 1ರಂದು ಬೆಂಗಳೂರಿನಲ್ಲಿ ರಚನೆಯಾದಾಗ ಅದರ ಬಳಿ ಇದ್ದುದು ಎರಡೇ ವಿಮಾನ. ಅಂತಿಮ ಕಾರ್ಯಾಚರಣೆ ಅನುಮೋದನೆ ದೊರೆತದ್ದು 2019ರಲ್ಲಿ. ಎಂಬತ್ತರ ದಶಕದಲ್ಲಿ ನಿಗದಿಪಡಿಸಿದ ಅಗತ್ಯಗಳು ವಿಮಾನವು ಸಿದ್ಧವಾಗುವ ವೇಳೆಗೆ ಬದಲಾಗಿದ್ದವು. ಪ್ರತಿ ಬದಲಾವಣೆಯೂ ಮತ್ತಷ್ಟು ಪರೀಕ್ಷೆಗಳನ್ನು ಬೇಡಿತು. ವರ್ಷಕ್ಕೆ ಕೆಲವೇ ವಿಮಾನಗಳನ್ನು ತಯಾರಿಸುವ ವ್ಯವಸ್ಥೆಯಲ್ಲಿ ಬಿಡಿಭಾಗ ಪೂರೈಸುವ ಸಣ್ಣ ಉದ್ಯಮಗಳು ಬಂಡವಾಳ ಹೂಡಲು ಹಿಂಜರಿಯುವುದು ಸಹಜ.

ಸ್ವದೇಶಿ ಅಂಶದ ಕುರಿತೂ ಸ್ಪಷ್ಟತೆ ಅಗತ್ಯ. ತೇಜಸ್‌ನಲ್ಲಿ ಶೇ. 70ರಷ್ಟು ಸ್ವದೇಶಿ ಅಂಶವಿದೆ ಎಂದು ಅಂದಾಜಿಸಲಾಗಿತ್ತಾದರೂ ವಾಸ್ತವದಲ್ಲಿ ಅದು ಸುಮಾರು ಶೇ. 35 ಎಂದು ಭಾರತದ ಮಹಾಲೇಖಪಾಲರು 2015ರ ವರದಿಯಲ್ಲಿ ತಿಳಿಸಿದ್ದರು. 2025ರ ಒಪ್ಪಂದದ ವಿಮಾನಗಳಲ್ಲಿ ಈ ಪ್ರಮಾಣವು ಶೇ. 64ಕ್ಕೂ ಹೆಚ್ಚಿರುವುದೆಂದು ರಕ್ಷಣಾ ಸಚಿವಾಲಯವು ಪ್ರಕಟಿಸಿದೆ. ದೇಶದಲ್ಲಿ ರೂಪಿಸಿದ 'ಉತ್ತಮ್' ರೇಡಾರ್ ಮತ್ತು 'ಸ್ವಯಂ ರಕ್ಷಾ ಕವಚ' ವಿದ್ಯುನ್ಮಾನ ರಕ್ಷಣಾ ವ್ಯವಸ್ಥೆಯು ಇವುಗಳಲ್ಲಿ ಸೇರಿವೆ. ಇದು ಸ್ವಾಗತಾರ್ಹ ಪ್ರಗತಿ. ಆದಾಗ್ಯೂ ಶೇಕಡಾವಾರು ಲೆಕ್ಕವು ಎಲ್ಲವನ್ನೂ ಹೇಳುವುದಿಲ್ಲ. ನೂರರಲ್ಲಿ ತೊಂಬತ್ತು ಭಾಗ ನಮ್ಮದಾಗಿದ್ದರೂ ಉಳಿದ ಹತ್ತರಲ್ಲಿ ಎಂಜಿನ್ ಇದ್ದರೆ ವಿಮಾನವು ನೆಲದ ಮೇಲೆಯೇ ನಿಲ್ಲಬೇಕಾಗುತ್ತದೆ.

ಕೈಗೊಂಡಿರುವ ಕ್ರಮಗಳು

ತಯಾರಿಕೆಯ ವೇಗವನ್ನು ಹೆಚ್ಚಿಸಲು ಬೆಂಗಳೂರಿನ ಎರಡು ತಯಾರಿಕಾ ಸಾಲುಗಳ ಜೊತೆಗೆ ನಾಸಿಕ್‌ನಲ್ಲಿ ಮೂರನೆಯದನ್ನು 2025ರ ಅಕ್ಟೋಬರ್ 17ರಂದು ಉದ್ಘಾಟಿಸಲಾಯಿತು. ಅಲ್ಲಿ ತಯಾರಾದ ಮೊದಲ ಎಂಕೆ-1ಎ ಅಂದೇ ಹಾರಾಟ ನಡೆಸಿತು. ಒಂದು ಕಾಲದಲ್ಲಿ ಮಿಗ್-21 ತಯಾರಿಸುತ್ತಿದ್ದ ನಾಸಿಕ್ ಈಗ ಅದರ ಉತ್ತರಾಧಿಕಾರಿಯನ್ನು ತಯಾರಿಸುತ್ತಿರುವುದು ಉಲ್ಲೇಖನೀಯ. ಮೂರೂ ಸಾಲುಗಳಿಂದ ವರ್ಷಕ್ಕೆ 24 ವಿಮಾನಗಳನ್ನು ಹೊರತರುವುದು ಗುರಿಯಾಗಿದೆ. ರೆಕ್ಕೆಗಳನ್ನು ಕೊಯಮತ್ತೂರಿನಲ್ಲಿ, ಒಡಲಿನ ಮಧ್ಯಭಾಗವನ್ನು ಹೈದರಾಬಾದಿನಲ್ಲಿ, ಹಿಂಭಾಗವನ್ನು ಬೆಂಗಳೂರಿನಲ್ಲಿ ಖಾಸಗಿ ಉದ್ಯಮಗಳು ತಯಾರಿಸುವ ವ್ಯವಸ್ಥೆಯಾಗಿದೆ. 97 ವಿಮಾನಗಳ ಒಪ್ಪಂದದಲ್ಲಿ ಸುಮಾರು 105 ಭಾರತೀಯ ಕಂಪನಿಗಳು ಭಾಗಿಯಾಗಿವೆ. ಈ ವಿಮಾನಗಳಿಗಾಗಿ 113 ಎಂಜಿನ್‌ಗಳ ಖರೀದಿ ಒಪ್ಪಂದಕ್ಕೆ 2025ರ ನವೆಂಬರ್‌ನಲ್ಲಿ ಸಹಿ ಹಾಕಲಾಯಿತು.

ಅದೇ ತಿಂಗಳ 21ರಂದು ದುಬೈ ವೈಮಾನಿಕ ಪ್ರದರ್ಶನದಲ್ಲಿ ತೇಜಸ್ ವಿಮಾನವೊಂದು ಪತನಗೊಂಡು ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಅವರು ವೀರಮರಣ ಹೊಂದಿದರು. 2024ರ ಮಾರ್ಚ್‌ನಲ್ಲಿ ಜೈಸಲ್ಮೇರ್ ಬಳಿ ಸಂಭವಿಸಿದ ಮೊದಲ ಅಪಘಾತದಲ್ಲಿ ಪೈಲಟ್ ಸುರಕ್ಷಿತವಾಗಿ ಹೊರಜಿಗಿದಿದ್ದರು. ಸುರಂಜನ್ ದಾಸ್ ಅವರ ಕಾಲದಿಂದಲೂ ಈ ಕಾರ್ಯಕ್ಕೆ ತೆರಬೇಕಾಗಿ ಬಂದಿರುವ ಬೆಲೆಯು ಕೇವಲ ಕೋಟಿ ರೂಪಾಯಿಗಳಲ್ಲಿಲ್ಲ. ಇಂತಹ ಘಟನೆಗಳ ಕಾರಣವನ್ನು ಕೂಲಂಕಷವಾಗಿ ಪತ್ತೆಹಚ್ಚಿ ತಿದ್ದಿಕೊಳ್ಳುವ ಸಾಮರ್ಥ್ಯವೂ ಸ್ವದೇಶಿ ವಿನ್ಯಾಸದ ಒಂದು ಭಾಗವೇ ಆಗಿದೆ.

ಮುಂದಿನ ಹಾದಿ

ಹೆಚ್ಚು ಶಕ್ತಿಯ ಎಫ್-414 ಎಂಜಿನ್ ಆಧಾರಿತ ತೇಜಸ್ ಎಂಕೆ-2 ಅಭಿವೃದ್ಧಿಗೆ 2022ರಲ್ಲಿ ಅನುಮೋದನೆ ದೊರೆಯಿತು. ಈ ಎಂಜಿನ್ ಅನ್ನು ಭಾರತದಲ್ಲಿ ತಯಾರಿಸುವ ಕುರಿತು ಎಚ್.ಎ.ಎಲ್. ಮತ್ತು ಅಮೆರಿಕದ ಸಂಸ್ಥೆಯ ನಡುವೆ 2023ರ ಜೂನ್‌ನಲ್ಲಿ ತಿಳಿವಳಿಕೆ ಪತ್ರಕ್ಕೆ ಸಹಿಯಾಯಿತು. ರೇಡಾರ್ ಕಣ್ಣಿಗೆ ಸುಲಭವಾಗಿ ಬೀಳದ, ಎರಡು ಎಂಜಿನ್‌ಗಳ ಸುಧಾರಿತ ಮಧ್ಯಮ ಯುದ್ಧವಿಮಾನದ (ಎ.ಎಂ.ಸಿ.ಎ.) ವಿನ್ಯಾಸ ಮತ್ತು ಅಭಿವೃದ್ಧಿಗೆ 2024ರ ಮಾರ್ಚ್‌ನಲ್ಲಿ ಸುಮಾರು ರೂ. 15,000 ಕೋಟಿ ಮಂಜೂರಾಯಿತು. ಫ್ರಾನ್ಸ್‌ನ ಸಫ್ರಾನ್ ಸಂಸ್ಥೆಯೊಂದಿಗೆ ಸೇರಿ ಎಂಜಿನ್ ಅಭಿವೃದ್ಧಿಪಡಿಸುವ ಉದ್ದೇಶವನ್ನು ರಕ್ಷಣಾ ಸಚಿವರು 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದರು. ಹೈದರಾಬಾದಿನ ರಕ್ಷಣಾ ಲೋಹವಿಜ್ಞಾನ ಪ್ರಯೋಗಾಲಯವು ಒಂದೇ ಹರಳಿನ ಟರ್ಬೈನ್ ಅಲಗುಗಳನ್ನು ರೂಪಿಸಿ, ಹೆಲಿಕಾಪ್ಟರ್ ಎಂಜಿನ್‌ಗಾಗಿ 60 ಅಲಗುಗಳನ್ನು ಎಚ್.ಎ.ಎಲ್.ಗೆ ನೀಡಿದ ವಿಷಯವು 2021ರಲ್ಲಿ ಪ್ರಕಟವಾಗಿತ್ತು. ಮರುದಹನ ವ್ಯವಸ್ಥೆಯಿಲ್ಲದ ಕಾವೇರಿಯನ್ನು ಮಾನವರಹಿತ ವಿಮಾನಕ್ಕೆ ಬಳಸುವ ಪ್ರಯತ್ನವೂ ನಡೆದಿದೆ. ಕಾವೇರಿಗಾಗಿ ವ್ಯಯಿಸಿದ ಶ್ರಮವು ಪೂರ್ಣ ವ್ಯರ್ಥವಾಗಿಲ್ಲವೆಂಬುದಕ್ಕೆ ಇದು ನಿದರ್ಶನ.

ಈ ಯೋಜನೆಗಳ ಯಶಸ್ಸನ್ನು ಸಾರ್ವಜನಿಕರು ಮೂರು ಮಾನದಂಡಗಳಿಂದ ಅಳೆಯಬಹುದು. ಮೊದಲನೆಯದು, ಒಪ್ಪಂದದ ಮೊತ್ತವನ್ನು ಬದಿಗಿಟ್ಟು, ವರ್ಷವೊಂದರಲ್ಲಿ ಸ್ಕ್ವಾಡ್ರನ್‌ಗಳನ್ನು ಸೇರುವ ವಿಮಾನಗಳ ಸಂಖ್ಯೆ. ಎರಡನೆಯದು, ಎಂಜಿನ್ ಒಪ್ಪಂದದಲ್ಲಿ ದೊರೆಯುವುದು ತಯಾರಿಸುವ ಪರವಾನಗಿ ಮಾತ್ರವೇ ಅಥವಾ ವಿನ್ಯಾಸದ ತಿಳಿವಳಿಕೆಯೂ ಸೇರಿದೆಯೇ ಎಂಬುದು. ಮೂರನೆಯದು, ಒಂದು ವಿಮಾನದ ವಿನ್ಯಾಸ ಮುಗಿಯುವ ಮುನ್ನವೇ ಮುಂದಿನದರ ಕೆಲಸ ಆರಂಭವಾಗಿರುತ್ತದೆಯೇ ಎಂಬುದು.

ಮೂರನೆಯದೇ ಅತಿ ಮುಖ್ಯವಾದುದು. ಮಾರುತ್ ಹಾರಿದ ನಾಲ್ಕು ದಶಕಗಳ ನಂತರ ತೇಜಸ್ ಹಾರಿತು. ಮಾರುತ್‌ಗೆ ದೊರೆಯದ ಎಂಜಿನ್ ತೇಜಸ್‌ಗೂ ಸ್ವದೇಶದಲ್ಲಿ ದೊರೆಯಲಿಲ್ಲ. ಏಕೆಂದರೆ ನಡುವಿನ ವರ್ಷಗಳಲ್ಲಿ ಆ ಕೆಲಸವನ್ನು ಬಿಡದೆ ಮುಂದುವರಿಸಿದವರು ಇರಲಿಲ್ಲ. ಇಂದು ತೇಜಸ್ ರೂಪಿಸಿದ ಎಂಜಿನಿಯರ್‌ಗಳಲ್ಲಿ ಹಲವರು ನಿವೃತ್ತರಾಗಿದ್ದರೂ ಅವರಿಂದ ಕಲಿತವರು ಅದೇ ಪ್ರಯೋಗಾಲಯಗಳಲ್ಲಿ ಮುಂದಿನ ವಿಮಾನದ ನಕ್ಷೆಯ ಮುಂದೆ ಕುಳಿತಿದ್ದಾರೆ. ಈ ಸರಪಳಿ ಮತ್ತೊಮ್ಮೆ ಕಡಿಯದಂತೆ ನೋಡಿಕೊಳ್ಳುವುದೇ ಸ್ವದೇಶಿ ಯುದ್ಧವಿಮಾನ ಪ್ರಯತ್ನದ ಮುಂದಿರುವ ನಿಜವಾದ ಹೊಣೆಗಾರಿಕೆ.